ತೊಳೆಮನೆಯ ಕೆಳಗಿನ ನೀರು

ಹೊನ್ನಾರೆ ಗುಡ್ಡದ ಕೆಳಗೆ
ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ, 2231

ಕಾಫಿ ಕುಡಿದವರೇ,

ದಿನಾಂಕ ನೋಡಿ ತಲೆ ಕೆರೆದುಕೊಳ್ಳಬೇಡಿ. ನಮ್ಮ ವರ್ಷದಲ್ಲಿ ಎರಡು ಬೇಸಿಗೆಗಳಿವೆ. ಮೊದಲನೆಯದು ನಿಮಗೂ ಇತ್ತು. ಎರಡನೆಯದನ್ನು ನೀವು ನಮಗಾಗಿ ಮಾಡಿಟ್ಟು ಹೋದಿರಿ. ಈ ಪತ್ರದಲ್ಲಿ ನಿಮಗೆ ಪರಿಚಯವಿಲ್ಲದ ಕೆಲವು ಮಾತುಗಳು ಬರುತ್ತವೆ. ಅದಕ್ಕಾಗಿ ಮೊದಲಲ್ಲೇ ಕ್ಷಮೆ ಕೇಳಬೇಕೆಂಬುದು ಇಲ್ಲಿನ ಪದ್ಧತಿ, ಕೇಳಿದ್ದೇನೆ. ಇದಕ್ಕಿಂತ ಹೆಚ್ಚಿನ ಕ್ಷಮೆಯನ್ನು ನಿಮ್ಮಲ್ಲಿ ಕೇಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ವರ್ಷಕ್ಕೊಮ್ಮೆ ಕಾಫಿ ಕುಡಿಯುವ ದಿನ ಮುಗಿದ ಮೇಲೆ ನಮ್ಮಲ್ಲಿ ಒಬ್ಬರು ನಿಮ್ಮ ಕಾಲದವರಿಗೆ ಒಂದು ಪತ್ರ ಬರೆದು, ಸಭೆಯಲ್ಲಿ ಓದಿ, ಶಾಲೆಯ ಕಪಾಟಿನಲ್ಲಿ ಇಡುತ್ತಾರೆ. ಅದು ನಿಮ್ಮನ್ನು ತಲುಪುವುದಿಲ್ಲವೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಹಿಂದಿನ ಐವತ್ತು ಚಿಲ್ಲರೆ ಪತ್ರಗಳನ್ನು ನಾನು ಓದಿದ್ದೇನೆ. ಎಲ್ಲವೂ ಬಹಳ ಮರ್ಯಾದೆಯವು. ಪಾಪ, ಅವರಿಗೆ ತಿಳಿದಿರಲಿಲ್ಲ ಎಂಬ ಧಾಟಿಯವು. ನಾನು ಹಾಗೆ ಬರೆಯಲಾರೆ. ನಿಮಗೆ ತಿಳಿದಿತ್ತು. ತಿಳಿದಿತ್ತು ಎಂಬುದನ್ನು ನೀವೇ ಪೊಟ್ಟಣಗಳ ಮೇಲೆ ಹಸಿರು ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದೀರಿ.

ನನ್ನ ಹೆಸರು ಸಂಕವ್ವ. ವಯಸ್ಸು ಐವತ್ತೆಂಟು. ಊರು ಕೆಳಗೆರೆ, ಗುಡ್ಡದಿಂದ ಮೂರು ಗಂಟೆಯ ನಡಿಗೆ. ಗುಡ್ಡದ ಹಳ್ಳ ಹರಿದು ಬಂದು ಕೆರೆಗೆ ಸೇರುವುದು ನಮ್ಮಲ್ಲೇ. ಹತ್ತೊಂಬತ್ತು ವರ್ಷ ನಾನು ಹೊನ್ನಾರೆಯ ನೀರುಸಾಕ್ಷಿಯಾಗಿದ್ದೆ. ಆ ಕೆಲಸ ಏನೆಂದು ಹೇಳುತ್ತೇನೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ, ಬೀಜಕ್ಕೆ ಅಂಟಿದ ಲೋಳೆಯನ್ನು ತೊಳೆಯುವ ಜಾಗಕ್ಕೆ ತೊಳೆಮನೆ ಎನ್ನುತ್ತೇವೆ. ತೊಳೆದ ನೀರು ಹುಳಿಯಾಗಿ, ಕಪ್ಪಗಾಗಿ, ನಾರುತ್ತದೆ. ಹಾಗೇ ಹಳ್ಳಕ್ಕೆ ಬಿಟ್ಟರೆ ನೀರಿನೊಳಗಿನ ಗಾಳಿಯನ್ನೆಲ್ಲ ಅದೇ ಹೀರಿಕೊಂಡು, ಒಳಗಿರುವ ಜೀವಗಳು ಉಸಿರುಗಟ್ಟಿ ಸಾಯುತ್ತವೆ. ಆದ್ದರಿಂದ ಆ ನೀರು ಜೊಂಡು ಬೆಳೆದ ಮೂರು ಕೊಳಗಳಲ್ಲಿ ಒಂದಾದ ಮೇಲೊಂದರಂತೆ ನಿಂತು ತಿಳಿಯಾಗಬೇಕು. ಕೊನೆಯ ಕೊಳದ ತೂಬು ಎತ್ತುವ ಮೊದಲು ಕೆಳಗಿನ ಊರಿನವರೊಬ್ಬರು ಆ ನೀರನ್ನೇ ಒಂದು ಲೋಟ ಕುಡಿಯಬೇಕು. ಅರ್ಧ ದಿನ ತೊಳೆಮನೆಯ ಜಗುಲಿಯ ಮೇಲೆ ಕೂತಿರಬೇಕು. ಹೊಟ್ಟೆ ನೆಟ್ಟಗಿದ್ದರೆ ಹಲಗೆಯ ಮೇಲೆ ಹೆಬ್ಬೆಟ್ಟು ಒತ್ತಬೇಕು. ಆಮೇಲೆ ತೂಬು. ಇಷ್ಟೇ. ನಿಮ್ಮಲ್ಲಿ ಪ್ರಯೋಗಶಾಲೆಗಳಿದ್ದವು, ಗಾಜಿನ ಕೊಳವೆಗಳಿದ್ದವು, ನೀರನ್ನು ಅಳೆಯುವ ಹತ್ತಾರು ಯಂತ್ರಗಳಿದ್ದವು. ಆ ನೀರು ಕುಡಿಯಬೇಕಾದ ಒಬ್ಬ ಮನುಷ್ಯ ಮಾತ್ರ ನಿಮ್ಮ ಏರ್ಪಾಡಿನಲ್ಲಿ ಎಲ್ಲೂ ಇರಲಿಲ್ಲ.

ನಿಮ್ಮ ನಂತರ ಅರವತ್ತಮೂರು ವರ್ಷ ಈ ಗುಡ್ಡದಲ್ಲಿ ಕಾಫಿ ಇರಲಿಲ್ಲ. ಅವನ್ನು ಬರಿಲೋಟದ ವರ್ಷಗಳು ಎನ್ನುತ್ತೇವೆ. ಕಾಡುಮರಗಳನ್ನು ಕಡಿದು, ಬೇಗ ಬೆಳೆದು ಬೇಗ ಮಾರಾಟವಾಗುತ್ತದೆಂದು ನೀವು ನೆಟ್ಟ ಸಿಲ್ವರ್ ಓಕ್ ಸಾಲುಗಳು ಎರಡನೆಯ ಬೇಸಿಗೆ ಕಾಲಿಟ್ಟ ಕೂಡಲೇ ನಿಂತಲ್ಲೇ ಒಣಗಿದವಂತೆ. ಅವುಗಳ ಕೆಳಗಿದ್ದ ಕಾಫಿ ಗಿಡಗಳ ಎಲೆ ಒಂದೇ ವಾರದಲ್ಲಿ ಸುಟ್ಟು ಉದುರಿತಂತೆ. ನಮ್ಮ ಅಜ್ಜಿಯರು ಹಲಸು, ಅತ್ತಿ, ಬೈನೆ ನೆಟ್ಟು, ಮೂವತ್ತು ವರ್ಷ ನೆರಳನ್ನಷ್ಟೇ ಬೆಳೆದರು. ನೆರಳು ಸಾಕಷ್ಟು ದಟ್ಟವಾದ ಮೇಲೆ ಸಾವಿರದ ನೂರು ಕಾಫಿ ಗಿಡಗಳು ಬಂದವು. ಇಂದಿಗೂ ಅಷ್ಟೇ ಇವೆ. ನೆರಳಿನ ಪ್ರತಿ ಮರಕ್ಕೂ ಅದನ್ನು ಕಾಯುವ ಒಬ್ಬ ನೆರಳಾಳು ಇದ್ದಾನೆ. ಆ ಮರದ ಒಂದು ಕೊಂಬೆ ಕಡಿಯಬೇಕಾದರೂ ಅವನು ಸಭೆಯ ಮುಂದೆ ನಿಂತು ಕಾರಣ ಹೇಳಬೇಕು. ಈ ತೋಟದಿಂದ ಗುಡ್ಡದವರಿಗೂ ಕೆಳಗೆರೆಯವರಿಗೂ ತಲೆಗೆ ಒಂದು ಲೋಟ ಕಾಫಿ ಆಗುತ್ತದೆ, ವರ್ಷಕ್ಕೆ ಒಂದು. ಅವರವರ ಮಣ್ಣಿನ ಲೋಟ ಅವರವರದು, ಮದುವೆಯಾದಾಗ ಒಂದು ಕೊಡುತ್ತಾರೆ, ಸತ್ತಾಗ ಜೊತೆಗೆ ಹೂಳುತ್ತಾರೆ. ನಿಮ್ಮ ಲೋಟಗಳೂ ನಮಗೆ ಗೊತ್ತು. ಗುಂಡಿ ತೋಡಿದಲ್ಲೆಲ್ಲ ಅವುಗಳ ಮುಚ್ಚಳಗಳು ಸಿಗುತ್ತವೆ, ಹೊಚ್ಚ ಹೊಸದರಂತೆ. ಹತ್ತು ನಿಮಿಷದ ಕುಡಿತಕ್ಕೆ ಮುನ್ನೂರು ವರ್ಷದ ಮುಚ್ಚಳ ಮಾಡಿದವರ ಬುದ್ಧಿವಂತಿಕೆಯನ್ನು ನಾನು ಎಷ್ಟು ಹೊಗಳಿದರೂ ಸಾಲದು.

ತೊಳೆಮನೆಯ ಯಜಮಾನ ಬೆಳ್ಯಪ್ಪ. ನಲವತ್ತರ ಆಸುಪಾಸಿನವನು. ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಜೊಂಡು ಕತ್ತರಿಸುವ ದಿನ ಆಳುಗಳಿಗಿಂತ ಮೊದಲು ಕೆಸರಿಗಿಳಿಯುತ್ತಿದ್ದ. ನನ್ನ ಮೊಣಕಾಲು ನೋವು ನೋಡಿ ಜಗುಲಿಗೆ ಒರಗುವ ಹಲಗೆ ಹಾಕಿಸಿದವನೂ ಅವನೇ. ಅವನಿಗೆ ಒಂದು ಹುಚ್ಚಿತ್ತು, ನಿಮ್ಮ ಕಾಲದ ಕಾಗದ ಓದುವುದು. ಹಳೆಯ ಎಸ್ಟೇಟೊಂದರ ಆಫೀಸು ಬಿದ್ದ ಜಾಗದಲ್ಲಿ ಅವನಿಗೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತ್ತು. ಎಸ್ಟೇಟಿನ ಹೆಸರು ಹುಳ ತಿಂದುಹೋಗಿತ್ತು. ಒಳಗೆ ಪೊಟ್ಟಣದ ಚಿತ್ರಗಳು, ಪ್ರಮಾಣಪತ್ರಗಳು, ಅವನ್ನು ಕೊಡುವ ಮೊದಲು ತಪಾಸಣೆಗೆ ಬರುವವರ ಜೊತೆ ನಡೆದ ಪತ್ರವ್ಯವಹಾರ. ಒಂದು ಚಿತ್ರವನ್ನು ನನಗೂ ತೋರಿಸಿದ್ದ. ಬುಟ್ಟಿ ಹಿಡಿದ ಹೆಂಗಸೊಬ್ಬಳು ಹಲ್ಲು ಬಿಟ್ಟು ನಗುತ್ತಿದ್ದಳು, ಕೆಳಗೆ ಭೂಮಿತಾಯಿಯ ಬಗ್ಗೆ ಏನೋ ಬರೆದಿತ್ತು. ಅದೇ ಪೆಟ್ಟಿಗೆಯ ಇನ್ನೊಂದು ಕಾಗದದಲ್ಲಿ, ಕೂಲಿಯಾಳುಗಳ ಸಾಲುಮನೆ, ಅಂದರೆ ಲೈನಿನ ಬಾವಿಯ ನೀರು ನಾರುತ್ತಿದೆ, ದಯವಿಟ್ಟು ಬೇರೆ ವ್ಯವಸ್ಥೆ ಮಾಡಿ ಎಂದು ಒಬ್ಬ ಹೆಂಗಸು ಬರೆಸಿದ ಅರ್ಜಿ ಇತ್ತು. ಇಬ್ಬರೂ ಒಬ್ಬಳೇ ಇರಬಹುದು, ಹೇಳಲಾಗದು. ಅರ್ಜಿಯ ಮೇಲೆ ಯಾರೋ ಕೆಂಪು ಶಾಯಿಯಲ್ಲಿ, ತಪಾಸಣೆ ಮುಗಿದ ಮೇಲೆ ನೋಡೋಣ ಎಂದು ಗೀಚಿದ್ದರು.

ಈ ವರ್ಷ ಹೂಮಳೆ ಒಂದೇ ಸಲ ಸುರಿದು ನಿಂತುಹೋಯಿತು. ಸಾವಿರದ ನೂರು ಗಿಡಗಳೂ ಒಂದೇ ದಿನ ಹೂಬಿಟ್ಟವು. ಹೂವೇನೋ ಚಂದ, ಆದರೆ ಆರು ವಾರ ಹಂತಹಂತವಾಗಿ ಹಣ್ಣಾಗಬೇಕಾದ ಬೆಳೆ ಎಂಟು ದಿನದಲ್ಲಿ ಹಣ್ಣಾಯಿತು. ಬಿಟ್ಟರೆ ಉದುರುತ್ತದೆ, ಕೊಯ್ದರೆ ತೊಳೆಯಲೇಬೇಕು. ಮೂರು ಕೊಳಗಳೂ ನಾಲ್ಕನೆಯ ದಿನಕ್ಕೇ ತುಂಬಿ ನಿಂತವು. ತಿಳಿಯಾಗಲು ಇನ್ನೂ ಇಪ್ಪತ್ತು ದಿನ ಬೇಕಿತ್ತು. ಅರ್ಧ ಬೆಳೆಯನ್ನು ಗಿಡದಲ್ಲೇ ಬಿಟ್ಟು, ಈ ಸಲ ತಲೆಗೆ ಅರ್ಧ ಲೋಟ ಎಂದು ಸಭೆಗೆ ಹೇಳಬಹುದಿತ್ತು. ಬೆಳ್ಯಪ್ಪನಿಗೆ ಅದನ್ನು ಹೇಳಲು ಮನಸ್ಸಾಗಲಿಲ್ಲ.

ಆರನೆಯ ದಿನ ಮಧ್ಯಾಹ್ನ ಅವನು ನನಗೆ ಹೇಳಿ ಕಳಿಸಿದ. ನೀರು ಬೇಗ ತಿಳಿಯಾಗಿದೆ, ಬಂದು ಸಾಕ್ಷಿ ಹೇಳಬೇಕೆಂದು. ಬಿಸಿಲಿನಲ್ಲಿ ಮೂರು ಗಂಟೆ ನಡೆದು ಹೋದೆ. ಸಾಮಾನ್ಯವಾಗಿ ನಾನೇ ಕೊಳಕ್ಕೆ ಬಗ್ಗಿ ಲೋಟ ತುಂಬಿಕೊಳ್ಳುತ್ತೇನೆ. ಆವತ್ತು ಅವನು ಲೋಟ ತುಂಬಿಸಿ ಜಗುಲಿಯ ಮೇಲೆ ಸಿದ್ಧ ಇಟ್ಟಿದ್ದ. ನಿಮ್ಮ ಕಾಲು ನೋವು, ಕೂತ್ಕೊಳ್ಳಿ ಅಂದ. ಕೂತೆ. ಕುಡಿದೆ.

ಈಗ ಬರೆಯಲು ಹೊರಟಿರುವುದನ್ನು ಬರೆಯದೆ ಬಿಡಬಹುದೇ ಎಂದು ಮೂರು ದಿನ ಯೋಚಿಸಿದ್ದೇನೆ. ಹತ್ತೊಂಬತ್ತು ವರ್ಷ ನಾನು ಕೊಳದ ನೀರು ಕುಡಿದಿದ್ದೇನೆ. ಎಷ್ಟೇ ತಿಳಿಯಾದರೂ ಅದಕ್ಕೆ ಕೊಳೆತ ಎಲೆಯ ಒಂದು ಒಗರು ಇರುತ್ತದೆ, ಗಂಟಲಲ್ಲಿ ಸಣ್ಣ ಹುಳಿ ಉಳಿಯುತ್ತದೆ. ಆವತ್ತಿನ ನೀರು ತಣ್ಣಗಿತ್ತು, ಸಿಹಿಯಾಗಿತ್ತು. ಅದು ಗುಡ್ಡದ ನೆತ್ತಿಯ ಒರತೆಯ ನೀರು. ಮೊದಲ ಗುಟುಕಿಗೇ ನನಗೆ ಗೊತ್ತಾಯಿತು. ಬಾಯಾರಿಕೆಯಾಗಿತ್ತು. ಕಾಲು ನೋಯುತ್ತಿತ್ತು. ಕೊಳದ ಹತ್ತಿರ ಹೋಗಿ ನೋಡಿದರೆ ಜಗಳವಾಗುತ್ತದೆ, ಜಗಳವಾದರೆ ಈ ವರ್ಷದ ಕಾಫಿ ಕಡಿಮೆಯಾಗುತ್ತದೆ, ಅದಕ್ಕೆ ಎಲ್ಲರೂ ನನ್ನನ್ನೇ ಬಯ್ಯುತ್ತಾರೆ ಎಂದುಕೊಂಡೆ. ಲೋಟ ಪೂರ್ತಿ ಮುಗಿಸಿದೆ. ಅರ್ಧ ದಿನ ಕೂಡ ಕೂರಲಿಲ್ಲ. ಹೆಬ್ಬೆಟ್ಟು ಒತ್ತಿ, ತೂಬು ಎತ್ತುವುದನ್ನು ನೋಡದೆ ಎದ್ದು ಬಂದೆ.

ಮೂರನೆಯ ಬೆಳಿಗ್ಗೆ ನನ್ನ ತಂಗಿ ರೇವಕ್ಕ ಬಂದು ಬಾಗಿಲು ತಟ್ಟಿದಳು. ಕೆಳಗೆರೆಯ ಮೀನುಮರಿಗಳ ಉಸ್ತುವಾರಿ ಅವಳದು. ಕೆರೆಯ ಮೀನೇ ಎರಡನೆಯ ಬೇಸಿಗೆಯ ನಮ್ಮ ಊಟ. ಆ ನೂರು ದಿನ ನೆಲದಲ್ಲಿ ಏನೂ ಬೆಳೆಯುವುದಿಲ್ಲ. ಕೈ ಹಿಡಿದು ಕೆರೆಗೆ ಕರೆದುಕೊಂಡು ಹೋದಳು. ಕೆರೆ ತುಂಬ ಬಿಳಿ ಹೊಟ್ಟೆಗಳು. ದಡದ ಉದ್ದಕ್ಕೂ ಮೀನು ಅಂಗಾತ ತೇಲುತ್ತಿದ್ದವು, ದೊಡ್ಡವು, ಸಣ್ಣವು, ಮೊನ್ನೆ ತಾನೆ ಬಿಟ್ಟ ಮರಿಗಳು ಸೊಪ್ಪಿನ ಚೂರಿನ ಹಾಗೆ. ಬದುಕಿದ್ದ ಕೆಲವು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಕೇಳುತ್ತಿದ್ದವು. ನೀರು ಕಂದುಬಣ್ಣಕ್ಕೆ ತಿರುಗಿತ್ತು, ಆ ವಾಸನೆ ನನಗೆ ಚೆನ್ನಾಗಿ ಗೊತ್ತಿದ್ದ ವಾಸನೆ. ಹಿಂದಿನ ದಿನ ಆ ನೀರಲ್ಲಿ ಮಿಂದ ಮಕ್ಕಳ ಕಣ್ಣು ಕೆಂಪಾಗಿ ಊದಿಕೊಂಡಿದ್ದವು. ಇಬ್ಬರು ಮುದುಕರು ಹೊಟ್ಟೆ ಹಿಡಿದುಕೊಂಡು ಮಲಗಿದ್ದರು.

"ಅಕ್ಕಾ, ನೀನು ಕುಡಿದೆ ತಾನೆ?" ಎಂದು ರೇವಕ್ಕ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನೂ ಕಾಯಿಲೆ ಬಿದ್ದಿದ್ದೇನೋ ಎಂಬ ಆತಂಕವಿತ್ತು.

ನಾನು ಅಲ್ಲಿಂದಲೇ ಗುಡ್ಡ ಹತ್ತಿದೆ. ಬೆಳ್ಯಪ್ಪ ಬೀಜ ಹರಡುತ್ತಿದ್ದ. ಕೆರೆಯಲ್ಲಿ ಏನಾಗಿದೆ ಎಂದು ಹೇಳಿದಾಗ ಅವನ ಮುಖ ಬಿಳುಚಿಕೊಂಡಿತು. ಇಷ್ಟಾಗುತ್ತದೆಂದು ಎಣಿಸಿರಲಿಲ್ಲ, ಹಳ್ಳದಲ್ಲಿ ನೀರು ಇನ್ನೂ ಸ್ವಲ್ಪ ಜಾಸ್ತಿ ಇರುತ್ತದೆಂದುಕೊಂಡಿದ್ದೆ ಅಂದ. ಈ ಉಪಾಯ ನಿನಗೆ ಹೊಳೆದದ್ದು ಹೇಗೆ ಎಂದು ಕೇಳಿದೆ. ಅವನು ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಒಂದು ಕಾಗದ ತಂದು ನನ್ನ ಕೈಗಿಟ್ಟ. ತಪಾಸಣೆಯವರು ಬರುವ ದಿನ ಏನೇನು ಮಾಡಬೇಕೆಂದು ಎಸ್ಟೇಟಿನ ಮೇಸ್ತ್ರಿಗಳಿಗೆ ಕೊಟ್ಟ ಸೂಚನೆ ಅದು. ಲೈನುಗಳಿಗೆ ಸುಣ್ಣ ಹೊಡೆಸಿ. ಗಿಡಕ್ಕೆ ಹೊಡೆಯುವ ಔಷಧಿಯ ಡಬ್ಬಗಳನ್ನು ತೆಗೆಸಿ. ನೀರಿನ ಮಾದರಿ ಬಾಟಲಿಗಳನ್ನು ಮೇಲಿನ ಒರತೆಯಿಂದ ಹಿಂದಿನ ದಿನವೇ ತುಂಬಿಸಿಡಿ. ಅದರ ಜೊತೆಗೇ ಪಿನ್ ಹಾಕಿದ್ದ ಪ್ರಮಾಣಪತ್ರದ ಮೂಲೆಯಲ್ಲಿ ಒಂದು ಹಸಿರು ಎಲೆಯ ಮುದ್ರೆ ಇತ್ತು, ನಿಮ್ಮ ಪೊಟ್ಟಣಗಳ ಮೇಲಿದ್ದದ್ದೇ.

"ಅವರು ವರ್ಷಾನುಗಟ್ಟಲೆ ಹೀಗೇ ಮಾಡಿದ್ರು, ಸಂಕವ್ವ," ಎಂದ ಬೆಳ್ಯಪ್ಪ. "ಕುಡಿಯೋರು ಒಬ್ರೂ ಲೋಟ ಕೆಳಗಿಡ್ಲಿಲ್ಲ. ನಾನು ಒಂದೇ ಸಲ ಮಾಡಿದ್ದು."

ಓದಿದಿರಾ? ಇದೇ ನೀವು ನಮಗೆ ಬಿಟ್ಟುಹೋದ ವಿದ್ಯೆ. ನೆರಳು ಬೆಳೆಸುವುದನ್ನು ನಮ್ಮ ಅಜ್ಜಿಯರು ತಾವೇ ಕಲಿತರು, ಮಣ್ಣು ಹಿಡಿದು ನಿಲ್ಲಿಸುವುದನ್ನು ಜೊಂಡಿನಿಂದ ಕಲಿತರು. ನಿಮ್ಮಿಂದ ಕಲಿಯಲು ಸಿಕ್ಕದ್ದು ಬಾಟಲಿ ತುಂಬಿಸಿಡುವುದೊಂದೇ. ತಪಾಸಣೆಗೆ ಬಂದವನಿಗೂ ಅದು ಒರತೆಯ ನೀರೆಂದು ಗೊತ್ತಿದ್ದಿರಬೇಕು. ಪೊಟ್ಟಣ ಕೊಂಡವರಿಗೂ, ನಗುವ ಹೆಂಗಸಿನ ಚಿತ್ರ ನೋಡಿ ಒಂದು ಗಳಿಗೆ ಅನುಮಾನ ಬಂದಿರಬೇಕು. ಆ ಅನುಮಾನವನ್ನು ಹಸಿರು ಎಲೆ ಒರೆಸಿಹಾಕಿತು. ಭೂಮಿಯನ್ನು ಉಳಿಸುತ್ತಿದ್ದೇವೆಂಬ ಹೆಮ್ಮೆಯಲ್ಲಿ ನೀವು ಇನ್ನೊಂದು ಗುಟುಕು ಎಳೆದಿರಿ. ನಿಮ್ಮನ್ನು ಕ್ರೂರಿಗಳೆಂದು ಕರೆಯಲು ನನಗಿಷ್ಟವಿಲ್ಲ, ಅದಕ್ಕೆ ಬೇಕಾದ ಗಟ್ಟಿತನ ನಿಮ್ಮಲ್ಲಿರಲಿಲ್ಲ. ನೀವು ಕೂತಿದ್ದ ಕುರ್ಚಿ ಮೆತ್ತಗಿತ್ತು, ಲೋಟ ಬಿಸಿಯಾಗಿತ್ತು, ಕೇಳಬೇಕೆನಿಸಲಿಲ್ಲ, ಅಷ್ಟೇ.

ಎರಡು ದಿನ ಬಿಟ್ಟು ಕೆರೆಯ ಏರಿಯ ಮೇಲೆ ಸಭೆ ಸೇರಿತು. ಹಲಗೆಯ ಮೇಲೆ ನನ್ನ ಹೆಬ್ಬೆಟ್ಟಿನ ಗುರುತಿತ್ತು. ಬೆಳ್ಯಪ್ಪ ತಾನು ಮಾಡಿದ್ದನ್ನು ಒಂದೂ ಮುಚ್ಚದೆ ಹೇಳಿದ. ಸಂಕವ್ವನಿಗೆ ಏನೂ ಗೊತ್ತಿರಲಿಲ್ಲ, ನಾನು ಮೋಸ ಮಾಡಿದೆ ಎಂದೂ ಸೇರಿಸಿದ. ಜನ ನನ್ನ ಕಡೆ ಕನಿಕರದಿಂದ ನೋಡಿದರು. ರೇವಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಅಲ್ಲಿಗೇ ಸುಮ್ಮನಿದ್ದಿದ್ದರೆ ನಾನು ಇವತ್ತಿಗೂ ನೀರುಸಾಕ್ಷಿಯಾಗಿರುತ್ತಿದ್ದೆ.

"ನನಗೆ ಗೊತ್ತಿತ್ತು," ಎಂದೆ. "ನೀರು ಸಿಹಿಯಾಗಿತ್ತು. ಗೊತ್ತಿದ್ದೇ ಕುಡಿದೆ."

ರೇವಕ್ಕ ಕೈ ತೆಗೆದಳು. ಏರಿಯ ಆ ತುದಿಗೆ ಹೋಗಿ, ಸತ್ತ ಮೀನು ಬಾಚುವವರ ಜೊತೆ ಸೇರಿಕೊಂಡಳು. ಅವಳು ನನ್ನೊಡನೆ ಮಾತಾಡಿ ಇವತ್ತಿಗೆ ಮೂವತ್ತೆಂಟು ದಿನವಾಯಿತು.

ತೀರ್ಮಾನ ಹೇಳಬೇಕಾದವಳು ಕೆಳಗೆರೆಯ ಹಿರಿಯಳು ದೊಡ್ಡತಾಯಮ್ಮ. ಎಂಬತ್ತು ದಾಟಿದವಳು, ಹೊಟ್ಟೆ ಹಿಡಿದು ಮಲಗಿದ ಇಬ್ಬರಲ್ಲಿ ಒಬ್ಬ ಅವಳ ಗಂಡ. ಈ ಸಲದ ಕಾಫಿಯನ್ನು ಸುಟ್ಟುಬಿಡೋಣ ಎಂದು ಕೆಲವರು ಕೂಗಿದರು. ಬೆಳ್ಯಪ್ಪನನ್ನು ಗುಡ್ಡದಿಂದ ಓಡಿಸೋಣ ಎಂದು ಇನ್ನು ಕೆಲವರು. ಅವಳು ಎಲ್ಲವನ್ನೂ ಕೇಳಿ, ನಿಧಾನವಾಗಿ ಎರಡು ಮಾತು ಹೇಳಿದಳು.

"ಕಾಫಿ ಸುಡೋದು ಬೇಡ. ಗುಡ್ಡದೋರು ಇಲ್ಲಿಗೇ ಬಂದು, ಈ ವಾಸನೇಲೇ ಕೂತು ಕುಡೀಲಿ. ಬೆಳ್ಯಪ್ಪ ತೊಳೆಮನೆ ನಡೆಸ್ಲಿ, ಆದ್ರೆ ಹೆಂಡತಿ ಮಕ್ಕಳ ಸಮೇತ ಇಲ್ಲಿ ಬಂದು ಇರ್ಲಿ. ನಾವು ಕುಡಿಯೋ ನೀರೇ ಕುಡೀಲಿ."

ಹೀಗೆ ಈ ವರ್ಷದ ಕಾಫಿ ದಿನ ಕೆರೆಯ ಏರಿಯ ಮೇಲೆ ನಡೆಯಿತು. ಮುನ್ನೂರು ಜನ ತಮ್ಮ ತಮ್ಮ ಲೋಟ ಬಟ್ಟೆಯಲ್ಲಿ ಸುತ್ತಿಕೊಂಡು ಬೆಳಿಗ್ಗೆಯೇ ಗುಡ್ಡ ಇಳಿದು ಬಂದರು. ಮೀನನ್ನು ಹೂತಿದ್ದರೂ ವಾಸನೆ ಹೋಗಿರಲಿಲ್ಲ. ಊದಿದ ಕಣ್ಣಿನ ಮಕ್ಕಳು ಎದುರಿಗೆ ಸಾಲಾಗಿ ನಿಂತು ನೋಡುತ್ತಿದ್ದರು. ಕೆಳಗೆರೆಯವರು ಯಾರೂ ಲೋಟ ಹಿಡಿಯಲಿಲ್ಲ, ಬಡಿಸಿದರು ಅಷ್ಟೇ. ಗುಡ್ಡದವರಲ್ಲಿ ಕೆಲವರು ಮೂಗಿಗೆ ಸೆರಗು ಹಿಡಿದು ಕುಡಿದರು. ಒಬ್ಬ ಹೆಂಗಸು ಅರ್ಧಕ್ಕೆ ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಮತ್ತೆ ಕೂತು ಉಳಿದದ್ದನ್ನು ಮುಗಿಸಿದಳು. ನಾನು ಕೆಳಗೆರೆಯವಳಾದರೂ ನನಗೂ ಒಂದು ಲೋಟ ಬಂತು, ಬಡಿಸಿದವಳು ರೇವಕ್ಕ. ಅವಳ ಕಣ್ಣೆದುರೇ ಕುಡಿದೆ. ಹೇಳಲು ನಾಚಿಕೆಯಾಗುತ್ತದೆ, ಕಾಫಿ ಬಹಳ ಚೆನ್ನಾಗಿತ್ತು. ಎಂಟೇ ದಿನದಲ್ಲಿ ಹಣ್ಣಾದದ್ದಕ್ಕೋ ಏನೋ, ಅಷ್ಟು ಹದವಾದ ಕಾಫಿಯನ್ನು ನಾನು ಜೀವಮಾನದಲ್ಲಿ ಕುಡಿದಿರಲಿಲ್ಲ. ಅದು ಕೆಟ್ಟದಾಗಿದ್ದರೆ ನಿಮ್ಮನ್ನು ದ್ವೇಷಿಸುವುದು ಎಷ್ಟೋ ಸುಲಭವಾಗುತ್ತಿತ್ತು.

ಬೆಳ್ಯಪ್ಪ ಈಗ ನಮ್ಮ ಬೀದಿಯಲ್ಲಿದ್ದಾನೆ. ದಿನಾ ಮೂರು ಗಂಟೆ ಹತ್ತಿ, ಮೂರು ಗಂಟೆ ಇಳಿಯುತ್ತಾನೆ. ಅವನ ಕಿರಿಮಗಳು ಇದೇ ಕೆರೆಯ ನೀರು ಕುಡಿಯುತ್ತಾಳೆ. ಬಂದ ಒಂದೇ ತಿಂಗಳಲ್ಲಿ, ಯಾರೂ ಕೇಳದೆ, ಅವನು ನಾಲ್ಕನೆಯ ಕೊಳ ತೋಡಲು ಶುರುಮಾಡಿದ. ನೋಡಿ, ಎಷ್ಟು ಸಣ್ಣ ವಿಷಯ. ನೀರು ಕೆಡಿಸುವವನ ಮನೆ ನೀರಿನ ಕೆಳಗಿರಬೇಕು. ಓದಲು ಬಾರದ ಒಬ್ಬ ಮುದುಕಿ ಏರಿಯ ಮೇಲೆ ಕೂತು ಇದನ್ನು ಹೇಳಿದಳು. ಸಮ್ಮೇಳನಗಳನ್ನು ನಡೆಸಿ, ವರದಿಗಳನ್ನು ಬರೆದು, ಎಲೆಗಳನ್ನು ಅಚ್ಚು ಹಾಕಿಸಿದ ನಿಮಗೆ ಇದು ಹೊಳೆಯಲಿಲ್ಲವೆಂದರೆ ನಾನು ನಂಬುವುದಿಲ್ಲ. ಹೊಳೆದಿರುತ್ತದೆ. ನಿಮ್ಮ ಮನೆಗಳೆಲ್ಲ ಮೇಲಿದ್ದವು.

ಈ ಎರಡನೆಯ ಬೇಸಿಗೆಗೆ ನಮಗೆ ಮೀನಿಲ್ಲ. ಗುಡ್ಡದವರು ತಮ್ಮ ರಾಗಿಯಲ್ಲಿ ಅರ್ಧ ಕೊಟ್ಟಿದ್ದಾರೆ, ಎರಡೂ ಕಡೆಯವರು ಒಂದು ಹೊತ್ತು ಉಣ್ಣುತ್ತಿದ್ದೇವೆ. ದೊಡ್ಡತಾಯಮ್ಮನ ಗಂಡ ಹೋದವಾರ ತೀರಿಕೊಂಡ. ಮೊದಲೇ ನಿತ್ರಾಣನಾಗಿದ್ದ, ನೀರಿನಿಂದಲೇ ಎಂದು ಹೇಳಲಾಗದು ಎಂದು ಅವಳೇ ಎಲ್ಲರಿಗೂ ಹೇಳುತ್ತಿದ್ದಾಳೆ. ಅವಳು ಹಾಗೆ ಹೇಳುವಾಗ ನಾನು ಅಲ್ಲಿ ನಿಲ್ಲುವುದಿಲ್ಲ.

ಪದ್ಧತಿಯಂತೆ ಪತ್ರದ ಕೊನೆಗೆ ನಿಮ್ಮಲ್ಲಿ ಒಂದು ಬೇಡಿಕೆ ಇಡಬೇಕು. ಹಿಂದಿನವರು ದೊಡ್ಡ ದೊಡ್ಡದನ್ನು ಬೇಡಿದ್ದಾರೆ, ಕಾಡು ಉಳಿಸಿ, ಮಳೆ ಉಳಿಸಿ ಎಂದು. ನಿಮ್ಮಿಂದ ಅಷ್ಟನ್ನೆಲ್ಲ ನಿರೀಕ್ಷಿಸುವಷ್ಟು ಗೌರವ ನನಗೆ ನಿಮ್ಮ ಮೇಲಿಲ್ಲ. ನನ್ನದು ಚಿಕ್ಕದು. ನೀವು ಕುಡಿಯುತ್ತಿರುವ ಕಾಫಿಯನ್ನು ತೊಳೆದ ನೀರು ಯಾವ ಊರಿಗೆ ಹೋಯಿತು ಎಂದು, ಅದನ್ನು ಮಾರಿದವನನ್ನು ಒಂದು ಸಲ ಕೇಳಿ. ಅವನಿಗೆ ಗೊತ್ತಿರುವುದಿಲ್ಲ. ನಗುತ್ತಾನೆ, ಹಸಿರು ಎಲೆ ತೋರಿಸುತ್ತಾನೆ. ಆಗ ಇನ್ನೊಂದು ಸಲ ಕೇಳಿ. ನಿಮ್ಮ ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ, ನಿಮಗೆ ಸಂಕೋಚವಾಗುತ್ತದೆ, ಕಾಫಿ ಆರುತ್ತಿರುತ್ತದೆ. ಅಲ್ಲಿಯತನಕ ಬಂದವರಿಗೆ ಮುಂದಿನ ವರ್ಷ ಯಾರಾದರೂ ಮರ್ಯಾದೆಯ ಪತ್ರ ಬರೆಯಲಿ.

ಸಂಕವ್ವ
ಈಗ ಯಾವ ಕೆಲಸವೂ ಇಲ್ಲದವಳು
ಕೆಳಗೆರೆ